ಎಲ್ಲ ಮೊದಲೇ ಬರೆದಿಟ್ಟ ಮೇಲೆ ಸಂಕಲನಕಾರನಿಗೇನು ಕೆಲಸ?

2020ರ ಜನವರಿಯಲ್ಲಿ ಅಮೆರಿಕದ ಸಿನಿಮಾ ಸಂಕಲನಕಾರರ ಸಂಘವಾದ ಅಮೆರಿಕನ್ ಸಿನಿಮಾ ಎಡಿಟರ್ಸ್ ತನ್ನ ವರ್ಷದ ಎಡ್ಡಿ ಪ್ರಶಸ್ತಿಗಳನ್ನು ಕೊಟ್ಟಿತು. ಡ್ರಾಮಾ ವಿಭಾಗದಲ್ಲಿ ಕಣದಲ್ಲಿದ್ದದ್ದು 'ದಿ ಐರಿಷ್‌ಮನ್', 'ಜೋಕರ್', 'ಫೋರ್ಡ್ ವರ್ಸಸ್ ಫೆರಾರಿ', 'ಮ್ಯಾರೇಜ್ ಸ್ಟೋರಿ' ಮತ್ತು ಕೊರಿಯಾದ 'ಪ್ಯಾರಸೈಟ್'. ಗೆದ್ದದ್ದು 'ಪ್ಯಾರಸೈಟ್'. ಇಂಗ್ಲಿಷ್ ಅಲ್ಲದ ಭಾಷೆಯ ಚಿತ್ರವೊಂದಕ್ಕೆ ಆ ಪ್ರಶಸ್ತಿ ಸಂದದ್ದು ಅದೇ ಮೊದಲು. ಅದನ್ನು ಸಂಕಲನ ಮಾಡಿದವರು ಯಾಂಗ್ ಜಿನ್-ಮೊ. ಕೊರಿಯಾದ ಹೊರಗೆ ಆವರೆಗೆ ಆ ಹೆಸರನ್ನು ಗಮನಿಸಿದವರು ಕಡಿಮೆ. 'ಪ್ಯಾರಸೈಟ್' ನೋಡಿ ಬೆರಗಾದ ಎಷ್ಟೋ ಮಂದಿಗೆ ಇಂದಿಗೂ ನಿರ್ದೇಶಕ ಬಾಂಗ್ ಜೂನ್-ಹೊ ಗೊತ್ತು, ಅಪ್ಪನ ಪಾತ್ರ ಮಾಡಿದ ಸಾಂಗ್ ಕಾಂಗ್-ಹೊ ಗೊತ್ತು, ಯಾಂಗ್ ಗೊತ್ತಿಲ್ಲ.

ಆ ಪ್ರಶಸ್ತಿಯ ಹಿಂದೆ ಒಂದು ಒಗಟಿದೆ. ಬಾಂಗ್ ತಮ್ಮ ಚಿತ್ರವನ್ನು ಶೂಟಿಂಗ್‌ಗೆ ಮೊದಲೇ ಕಾಗದದ ಮೇಲೆ ಪೂರ್ತಿ ಬರೆದುಬಿಡುವ ನಿರ್ದೇಶಕ. ಇಲ್ಲಿ ಬರೆಯುವುದೆಂದರೆ ಸಂಭಾಷಣೆಯನ್ನಷ್ಟೇ ಬರೆಯುವುದಲ್ಲ. ಪ್ರತಿ ಶಾಟ್‌ನಲ್ಲಿ ಯಾರು ಎಲ್ಲಿ ನಿಂತಿರಬೇಕು, ಕ್ಯಾಮೆರಾ ಎಷ್ಟು ಎತ್ತರದಲ್ಲಿರಬೇಕು, ಎಲ್ಲಿಂದ ಎಲ್ಲಿಗೆ ಸರಿಯಬೇಕು ಎಂಬುದನ್ನೆಲ್ಲ ಅವರು ಚಿತ್ರಪಟ್ಟಿಯಾಗಿ, ಅಂದರೆ ಸ್ಟೋರಿಬೋರ್ಡಾಗಿ, ಬಿಡಿಸಿಡುತ್ತಾರೆ. ಯೊನ್ಸೆ ವಿಶ್ವವಿದ್ಯಾಲಯದಲ್ಲಿ ಓದುವಾಗ ಅಲ್ಲಿನ ಪತ್ರಿಕೆಗೆ ಕಾರ್ಟೂನ್ ಬರೆಯುತ್ತಿದ್ದವರ ಕೈ ಅದು. ಸೆಟ್ಟಿಗೆ ಹೋದ ಮೇಲೆ ಕಾಗದದಲ್ಲಿ ಇದ್ದಷ್ಟನ್ನೇ ಚಿತ್ರೀಕರಿಸುತ್ತಾರೆ. ಹಾಲಿವುಡ್ಡಿನಲ್ಲಿ ರೂಢಿ ಬೇರೆ. ಒಂದೇ ದೃಶ್ಯವನ್ನು ದೂರದಿಂದ ಒಮ್ಮೆ, ಇವರ ಭುಜದ ಮೇಲಿಂದ ಒಮ್ಮೆ, ಅವರ ಭುಜದ ಮೇಲಿಂದ ಒಮ್ಮೆ, ಮುಖದ ಹತ್ತಿರ ಹೋಗಿ ಒಮ್ಮೆ, ಹೀಗೆ ಎಲ್ಲ ಕಡೆಯಿಂದಲೂ ತೆಗೆದಿಟ್ಟುಕೊಂಡು ಸಂಕಲನದ ಕೋಣೆಯಲ್ಲಿ ಆಯ್ಕೆ ಮಾಡುತ್ತಾರೆ. ಬಾಂಗ್ ಆ 'ಕವರೇಜ್' ತೆಗೆಯುವುದಿಲ್ಲ. 'ಸ್ನೋಪಿಯರ್ಸರ್'ನಲ್ಲಿ ನಟಿಸಿದ ಕ್ರಿಸ್ ಇವಾನ್ಸ್ ಇದನ್ನು ಮನೆ ಕಟ್ಟುವ ಕೆಲಸಕ್ಕೆ ಹೋಲಿಸಿದ್ದರು. ಉಳಿದವರು ಒಂದು ಚೀಲ ಮೊಳೆ ಬೇಕು ಅನ್ನುತ್ತಾರೆ, ಬಾಂಗ್ ಇಂತಿಷ್ಟೇ ಮೊಳೆ ಬೇಕು ಎಂದು ಎಣಿಸಿ ಹೇಳುತ್ತಾರೆ ಎಂಬುದು ಅವರ ಮಾತಿನ ಸಾರ.

ಹೀಗೆ ಎಣಿಸಿಟ್ಟ ಮೊಳೆಗಳನ್ನು ಹೊಡೆಯುವುದಷ್ಟೇ ಸಂಕಲನಕಾರನ ಪಾಲಿಗೆ ಉಳಿದಿದ್ದರೆ ಅವನ ಹೆಚ್ಚುಗಾರಿಕೆ ಏನು? ದಿನಬೆಳಗಾದರೆ ಇದೇ ಕಸುಬು ಮಾಡುವ ಮಂದಿ ತಮ್ಮ ಅತ್ಯುನ್ನತ ಗೌರವವನ್ನು ಅವನಿಗೆ ಯಾಕೆ ಕೊಟ್ಟರು? ಯಾಂಗ್ ಅವರ ವೃತ್ತಿಜೀವನವನ್ನು ಹಿಂದಿನಿಂದ ನೋಡುತ್ತ ಬಂದರೆ ಇದಕ್ಕೆ ಉತ್ತರ ಸಿಗುತ್ತದೆ. ಅವರ ನಿಜವಾದ ಸಾಮಗ್ರಿ ಶಾಟ್‌ಗಳಿಗಿಂತ ಹೆಚ್ಚಾಗಿ ನಟರ ಮುಖ ಮತ್ತು ಹೊತ್ತು. ಇವೆರಡನ್ನು ಯಾವ ಸ್ಟೋರಿಬೋರ್ಡಿನಲ್ಲೂ ಬಿಡಿಸಿಡಲಾಗುವುದಿಲ್ಲ.

ಅವರು ಅಮೆರಿಕದ ಬಾರ್ಡ್ ಕಾಲೇಜಿನಲ್ಲಿ ಸಿನಿಮಾ ಓದಿ ಕೊರಿಯಾಕ್ಕೆ ಮರಳಿದವರು. ಅಲ್ಲಿ ಅವರು ಕಸುಬು ಕಲಿತದ್ದು ಶೂಟಿಂಗ್ ನಡೆಯುವ ಜಾಗದಲ್ಲಿ. ಕೊರಿಯಾದ ಸೆಟ್‌ಗಳಲ್ಲಿ ನಿರ್ದೇಶಕರ ಮಾನಿಟರ್ ಪಕ್ಕದಲ್ಲೇ ಇನ್ನೊಬ್ಬರು ಕಂಪ್ಯೂಟರ್ ಇಟ್ಟುಕೊಂಡು ಕೂತಿರುತ್ತಾರೆ. ಟೇಕ್ ಓಕೆ ಆದ ಕೂಡಲೇ ಕ್ಯಾಮೆರಾದಿಂದ ಬಂದ ವಿಡಿಯೊವನ್ನು ಹಿಂದಿನ ಶಾಟ್‌ಗೆ ಜೋಡಿಸಿ ತೋರಿಸುವುದು ಅವರ ಕೆಲಸ. ನಟಿಯ ನೋಟ ಸರಿಯಾದ ದಿಕ್ಕಿಗಿದೆಯೇ, ಹಿಂದಿನ ಶಾಟ್‌ನಲ್ಲಿ ಎಡಗೈಯಲ್ಲಿದ್ದ ಲೋಟ ಈಗಲೂ ಎಡಗೈಯಲ್ಲೇ ಇದೆಯೇ, ಗ್ರಾಫಿಕ್ಸ್ ಬರಬೇಕಾದ ಕಡೆ ಸಾಕಷ್ಟು ಜಾಗ ಬಿಟ್ಟಿದ್ದಾರೆಯೇ ಎಂಬುದೆಲ್ಲ ಅಲ್ಲೇ ಗೊತ್ತಾಗುತ್ತದೆ. ನಮ್ಮ ದಕ್ಷಿಣದ ಚಿತ್ರರಂಗದವರು ಇದನ್ನು ಸ್ಪಾಟ್ ಎಡಿಟಿಂಗ್ ಅನ್ನುತ್ತಾರೆ. ಕೊರಿಯಾದಲ್ಲಿ ಇದಕ್ಕೆ ಒಂದು ಪೂರ್ಣ ಹುದ್ದೆಯ ಘನತೆಯಿದೆ, ಟೈಟಲ್ಲಿನಲ್ಲಿ ಹೆಸರೂ ಬರುತ್ತದೆ.

ಬಾಂಗ್ ಮತ್ತು ಯಾಂಗ್ ಮೊದಲು ಜೊತೆಗೂಡಿದ್ದು 'ಸ್ನೋಪಿಯರ್ಸರ್' ಕಾಲದಲ್ಲಿ, ಈ ಬಗೆಯ ಕೆಲಸದ ಮೂಲಕವೇ. ಅದರ ಸಂಕಲನಕಾರರು ಬೇರೆಯವರು. ಅದಕ್ಕೂ ಹಿಂದಿನ 'ಮೆಮೊರೀಸ್ ಆಫ್ ಮರ್ಡರ್' ಮತ್ತು 'ದಿ ಹೋಸ್ಟ್' ಚಿತ್ರಗಳನ್ನು ಕಟ್ಟಿದವರು ಕಿಮ್ ಸನ್-ಮಿನ್. ಬಾಂಗ್ ಅವರ ಹೆಸರು ಜಗತ್ತಿಗೆ ತಲುಪಿದ್ದರಲ್ಲಿ ಕಿಮ್ ಅವರ ಪಾಲು ದೊಡ್ಡದು, ಅದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಯಾಂಗ್ ಮುಖ್ಯ ಸಂಕಲನಕಾರರಾಗಿ ಬಾಂಗ್ ಬಳಗಕ್ಕೆ ಬಂದದ್ದು 2017ರ 'ಓಕ್ಜಾ'ದಿಂದ.

ಸೆಟ್ಟಿನಲ್ಲಿ ಕಲಿತ ಸಂಕಲನಕಾರನಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿರುತ್ತದೆ. ಕ್ಯಾಮೆರಾದ ಕೋನ ಒಂದೇ ಆದರೂ ಅದರ ಮುಂದೆ ನಡೆದದ್ದು ಪ್ರತಿ ಸಲವೂ ಬೇರೆ. ಹತ್ತು ಟೇಕ್ ತೆಗೆದರೆ ಹತ್ತು ಅಭಿನಯ. ಮೂರನೆಯದರಲ್ಲಿ ಅಪ್ಪನ ಪಾತ್ರಧಾರಿ ಚೆನ್ನಾಗಿ ಮಾಡಿದ್ದಾನೆ, ಪಕ್ಕದಲ್ಲಿ ಕೂತ ಮಗಳ ಪಾತ್ರಧಾರಿ ಏಳನೆಯದರಲ್ಲಿ ಚೆನ್ನಾಗಿ ಮಾಡಿದ್ದಾಳೆ ಅಂದುಕೊಳ್ಳಿ. ಮಾಮೂಲಿ ದಾರಿಯೆಂದರೆ ಇಬ್ಬರ ಕ್ಲೋಸಪ್‌ಗಳನ್ನು ಬೇರೆ ಬೇರೆ ಟೇಕ್‌ಗಳಿಂದ ಆರಿಸಿ ಒಂದಾದ ಮೇಲೊಂದು ಹಾಕುವುದು. ಆದರೆ ಬಾಂಗ್ ಇಬ್ಬರನ್ನೂ, ಕೆಲವೊಮ್ಮೆ ನಾಲ್ವರನ್ನೂ, ಒಂದೇ ಚೌಕಟ್ಟಿನೊಳಗೆ ಕೂರಿಸಿ ತೆಗೆಯುವವರು. ಕತ್ತರಿಸಿ ಹೋಗಲು ಬೇರೆ ಕೋನವೇ ಇಲ್ಲ. ಯಾಂಗ್ ಇಲ್ಲಿ ಚೌಕಟ್ಟನ್ನೇ ಸೀಳುತ್ತಾರೆ. ಎಡಭಾಗವನ್ನು ಒಂದು ಟೇಕ್‌ನಿಂದ, ಬಲಭಾಗವನ್ನು ಇನ್ನೊಂದರಿಂದ ತೆಗೆದು ನಡುವಿನ ಹೊಲಿಗೆ ಕಾಣದಂತೆ ಸೇರಿಸುತ್ತಾರೆ. 'ಪ್ಯಾರಸೈಟ್'ನಲ್ಲಿ ಇಂಥ ಜೋಡಣೆ ಹಲವು ಕಡೆ ಇದೆ. ನೋಡುವವರಿಗೆ ಅದು ಒಂದೇ ಗಳಿಗೆಯಲ್ಲಿ ಒಟ್ಟಿಗೆ ಕೂತು ಮಾತಾಡಿದ ಕುಟುಂಬ. ವಾಸ್ತವದಲ್ಲಿ ಒಬ್ಬರ ಮಾತು ಬೇರೆ ಟೇಕ್‌ನದು, ಅದನ್ನು ಕೇಳಿ ಇನ್ನೊಬ್ಬರು ಕಣ್ಣೆತ್ತಿದ್ದು ಬೇರೆ ಟೇಕ್‌ನದು. ಹಾಗೆ ಮಾಡುವಾಗ ಇಬ್ಬರ ನಡುವಿನ ಬಿಡುವನ್ನು ಅರ್ಧ ಸೆಕೆಂಡು ಹಿಗ್ಗಿಸಲೂಬಹುದು, ಕುಗ್ಗಿಸಲೂಬಹುದು. ಒಂದು ಮನೆಯೊಳಗೆ ಯಾರು ಯಾರನ್ನು ಎಷ್ಟು ಹೊತ್ತು ನೋಡಿದರು ಎಂಬುದರ ಮೇಲೆ ನಿಂತಿರುವ ಕಥೆಯಲ್ಲಿ ಆ ಅರ್ಧ ಸೆಕೆಂಡಿಗೆ ಬಹಳ ಬೆಲೆಯಿದೆ. ಸ್ಟೋರಿಬೋರ್ಡಿನ ಒಂದು ಗೆರೆಯೂ ಬದಲಾಗಿಲ್ಲ, ಆದರೂ ದೃಶ್ಯ ಯಾಂಗ್ ಅವರದ್ದಾಗಿದೆ.

ಚಿತ್ರದ ಮೊದಲರ್ಧದಲ್ಲಿ ಬರುವ ಪೀಚ್ ಹಣ್ಣಿನ ಪ್ರಸಂಗವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಬಡ ಕಿಮ್ ಕುಟುಂಬದ ಮಗ ಸಿರಿವಂತ ಪಾರ್ಕ್ ಕುಟುಂಬದಲ್ಲಿ ಇಂಗ್ಲಿಷ್ ಮೇಷ್ಟ್ರು, ಮಗಳು ಚಿತ್ರಕಲೆಯ ಮೇಡಂ, ಅಪ್ಪ ಡ್ರೈವರ್. ಅಮ್ಮನಿಗೆ ಜಾಗ ಮಾಡಿಕೊಡಬೇಕಾದರೆ ಹಳೆಯ ಮನೆಗೆಲಸದಾಕೆಯನ್ನು ಓಡಿಸಬೇಕು. ಆಕೆಗೆ ಪೀಚ್ ಹಣ್ಣು ಆಗಿಬರುವುದಿಲ್ಲ. ಹಣ್ಣಿನ ಸಿಪ್ಪೆಯ ಮೇಲಿನ ನವಿರು ರೋಮ ತಾಕಿದರೆ ಸಾಕು, ಕೆಮ್ಮು ಹತ್ತುತ್ತದೆ. ಆ ಕೆಮ್ಮನ್ನು ಕ್ಷಯ ಎಂದು ಯಜಮಾನಿಗೆ ನಂಬಿಸುವುದು ಸಂಚು. ಸುಮಾರು ಐದು ನಿಮಿಷದ ಈ ಪ್ರಸಂಗದಲ್ಲಿ ಅರವತ್ತರಷ್ಟು ಶಾಟ್‌ಗಳಿವೆ. ಹಿಂದೆ ಜಂಗ್ ಜೇ-ಇಲ್ ಅವರ ಸಂಗೀತ, ಹದಿನೆಂಟನೇ ಶತಮಾನದ ಯುರೋಪಿನ ಆಸ್ಥಾನ ಸಂಗೀತದ ಗತ್ತಿನಲ್ಲಿ ಎಲ್ಲೂ ತಡೆಯದೆ ಹರಿಯುತ್ತದೆ.

ಇಲ್ಲಿ ಯಾಂಗ್ ಮೂರು ಕಾಲಗಳನ್ನು ಹೆಣೆದಿದ್ದಾರೆ. ಸಂಚು ಹೂಡಿದ್ದು ಒಂದು ಕಾಲ, ತಮ್ಮ ನೆಲಮಾಳಿಗೆಯ ಮನೆಯಲ್ಲಿ ಅದರ ತಾಲೀಮು ನಡೆಸಿದ್ದು ಇನ್ನೊಂದು, ಅದು ಬಂಗಲೆಯಲ್ಲಿ ನಡೆದದ್ದು ಮತ್ತೊಂದು. ಮಗ ಬರೆದುಕೊಟ್ಟ ಮಾತನ್ನು ಅಪ್ಪ ಮನೆಯಲ್ಲಿ ಒಪ್ಪಿಸುತ್ತಾನೆ. ಸ್ವಲ್ಪ ಭಾವ ಕಡಿಮೆ ಮಾಡಿ ಎಂದು ಮಗ ತಿದ್ದುತ್ತಾನೆ. ವಾಕ್ಯ ಮುಗಿಯುವಷ್ಟರಲ್ಲಿ ಅದೇ ಮಾತು ಯಜಮಾನಿಯ ಎದುರು ನಡೆಯುತ್ತಿದೆ, ಆಕೆಯ ಮುಖ ಬಿಳಿಚಿಕೊಂಡಿದೆ. ನಾವು ಆಕೆಗಿಂತ ಮುಂದಿದ್ದೇವೆ, ಏಕೆಂದರೆ ಮುಂದಿನ ಸಾಲು ಯಾವುದೆಂದು ನಮಗೆ ಗೊತ್ತು. ಆ ಅರಿವು ನಮ್ಮನ್ನು ಸಂಚಿನ ಪಾಲುದಾರರನ್ನಾಗಿ ಮಾಡುತ್ತದೆ. ಕೊನೆಗೆ ಮನೆಗೆಲಸದಾಕೆ ಕೆಮ್ಮಿ ಎಸೆದ ಟಿಶ್ಯೂ ಕಾಗದಕ್ಕೆ ಅಪ್ಪ ಪಿಜ್ಜಾ ಅಂಗಡಿಯ ಖಾರದ ಸಾಸ್ ಹಿಂಡಿ, ಕಸದ ಬುಟ್ಟಿಯಿಂದ ಎತ್ತಿ ತೋರಿಸುತ್ತಾನೆ. ನೋಡುತ್ತಿದ್ದವರು ನಗುತ್ತಾರೆ. ಒಬ್ಬ ಬಡ ಹೆಂಗಸು ಸುಳ್ಳು ಆಪಾದನೆಯಿಂದ ಬೀದಿಪಾಲಾದಳು ಎಂಬುದು ಆ ಕ್ಷಣದಲ್ಲಿ ಯಾರ ತಲೆಗೂ ಬರುವುದಿಲ್ಲ. ಅಷ್ಟು ವೇಗದಲ್ಲಿ, ಅಷ್ಟು ಸೊಗಸಾಗಿ ದೃಶ್ಯ ಮುಗಿದಿರುತ್ತದೆ. ಚಿತ್ರದ ಎರಡನೇ ಅರ್ಧದಲ್ಲಿ ಅದೇ ಹೆಂಗಸು ಮಳೆಯಲ್ಲಿ ನೆನೆದು ಬಾಗಿಲ ಬಳಿ ಬಂದು ನಿಂತಾಗ ನಮಗಾಗುವ ಕಸಿವಿಸಿಯನ್ನು ಆ ಐದು ನಿಮಿಷವೇ ನಮ್ಮೊಳಗೆ ಕೂಡಿಟ್ಟಿರುತ್ತದೆ. ಸಂಕಲನದ ವೇಗಕ್ಕೆ ಒಂದು ನೈತಿಕ ಉದ್ದೇಶ ಇರಬಲ್ಲದು ಎಂದು ನಾನು ನಂಬಿದ್ದು ಈ ಪ್ರಸಂಗ ನೋಡಿದ ಮೇಲೆ.

ಇದಕ್ಕೆ ತದ್ವಿರುದ್ಧವಾದದ್ದು ನೂಡಲ್ಸ್ ಪ್ರಸಂಗ. ಕ್ಯಾಂಪಿಂಗ್‌ಗೆ ಹೋದ ಯಜಮಾನಿ ಮಳೆಯಿಂದಾಗಿ ವಾಪಸಾಗುತ್ತ ಕಾರಿನಿಂದಲೇ ಫೋನ್ ಮಾಡುತ್ತಾಳೆ. ಎರಡು ಬಗೆಯ ದಿಢೀರ್ ನೂಡಲ್ಸ್ ಬೆರೆಸಿ ಮಾಡುವ ಜಪಗುರಿ ಸಿದ್ಧವಿರಲಿ, ಮೇಲೆ ದುಬಾರಿ ದನದ ಮಾಂಸದ ಹೋಳು ಇರಲಿ, ಇನ್ನು ಎಂಟು ನಿಮಿಷದಲ್ಲಿ ಬರುತ್ತೇವೆ ಎನ್ನುತ್ತಾಳೆ. ಆ ಹೊತ್ತಿಗೆ ಮನೆಯೊಳಗೆ ರಣರಂಗ. ಇಲ್ಲಿ ಸಂಗೀತಕ್ಕಿಂತ ಹೆಚ್ಚಾಗಿ ಒಲೆಯ ಮೇಲಿನ ನೀರು ಕಾಲವನ್ನು ಅಳೆಯುತ್ತದೆ. ನೀರು ಕುದಿಯುತ್ತದೆ, ಮಾಂಸ ಚುರ್ರೆನ್ನುತ್ತದೆ. ಅತ್ತ ಅಪ್ಪ ಮತ್ತು ಮಗ, ಮರಳಿ ಬಂದ ಹಳೆಯ ಮನೆಗೆಲಸದಾಕೆಯನ್ನೂ ಅವಳ ಜೊತೆಯವನನ್ನೂ ನೆಲದಡಿಯ ಕೋಣೆಗೆ ಎಳೆದೊಯ್ಯುತ್ತಿದ್ದಾರೆ. ಮಗಳು ಚೆಲ್ಲಾಪಿಲ್ಲಿಯಾದ ಬಾಟಲಿಗಳನ್ನು ಮೇಜಿನಡಿಗೆ ತಳ್ಳುತ್ತಿದ್ದಾಳೆ. ಇತ್ತ ಯಜಮಾನಿ ಮನೆಯೊಳಗೆ ಕಾಲಿಟ್ಟಾಗ ಮೆಟ್ಟಿಲು ಹತ್ತಿ ಬರುತ್ತಿದ್ದ ಆ ಮನೆಗೆಲಸದಾಕೆಯನ್ನು ಅಮ್ಮ ಒಂದೇ ಒದೆತಕ್ಕೆ ಕೆಳಗೆ ಉರುಳಿಸುತ್ತಾಳೆ. ಅಡುಗೆ ಮತ್ತು ಹಿಂಸೆ ಎರಡಕ್ಕೂ ಒಂದೇ ಗಡಿಯಾರ. ನಗುವುದೋ ಹೆದರುವುದೋ ಎಂದು ನಿರ್ಧರಿಸಲು ಯಾಂಗ್ ನಮಗೆ ಬಿಡುವು ಕೊಡುವುದಿಲ್ಲ.

ಈ ಚಿತ್ರವನ್ನು ಅವರು ಕಟ್ಟಿದ್ದು ಆಪಲ್ ಕಂಪನಿಯ ಫೈನಲ್ ಕಟ್ ಪ್ರೊ 7 ಎಂಬ ಸಾಫ್ಟ್‌ವೇರ್‌ನಲ್ಲಿ. ಆಪಲ್ ಅದನ್ನು 2011ರಲ್ಲೇ ಕೈಬಿಟ್ಟು ಹೊಸ ಆವೃತ್ತಿಗೆ ಹೋಗಿತ್ತು. ಯಾಂಗ್ ಇನ್ನೂ ಆ ಹಳೆಯದನ್ನೇ ಬಳಸಿದ ಸುದ್ದಿ ಹೊರಬಿದ್ದಾಗ ಸಂಕಲನದ ಕಸುಬಿನವರಲ್ಲಿ ದೊಡ್ಡ ಚರ್ಚೆಯಾಯಿತು. ಹೊಸ ಕಂಪ್ಯೂಟರ್, ಹೊಸ ಸಾಫ್ಟ್‌ವೇರ್ ಕೊಳ್ಳಲಾಗದೆ ಒದ್ದಾಡುವ ಕಿರಿಯರಿಗೆ ಇದು ಸಣ್ಣ ಸಮಾಧಾನವಲ್ಲ.

ಬಾಂಗ್ ಅವರನ್ನು ಬಿಟ್ಟರೆ ಯಾಂಗ್ ಹೆಚ್ಚು ಕೆಲಸ ಮಾಡಿದ್ದು ಯೊನ್ ಸಾಂಗ್-ಹೊ ಅವರ ಜೊತೆ. 'ಟ್ರೇನ್ ಟು ಬುಸಾನ್', 'ಪೆನಿನ್ಸುಲಾ' ಎರಡೂ ಯಾಂಗ್ ಕೈಯಿಂದಲೇ ಹೊರಬಂದವು. ಯೊನ್ ಮೂಲತಃ ಅನಿಮೇಷನ್ ನಿರ್ದೇಶಕರು. 2011ರ 'ದಿ ಕಿಂಗ್ ಆಫ್ ಪಿಗ್ಸ್' ಅವರಿಗೆ ಹೆಸರು ತಂದದ್ದು. ಅನಿಮೇಷನ್‌ನಲ್ಲಿ ಒಂದು ಸೆಕೆಂಡಿನ ಬಿಂಬಕ್ಕೂ ಎಷ್ಟೋ ಜನ ಕೂತು ಬರೆಯಬೇಕು, ಬೇಡದ ಶಾಟ್ ಒಂದೂ ಇರುವಂತಿಲ್ಲ. ಆದ್ದರಿಂದ ಅವರಿಗೂ ಎಲ್ಲವನ್ನು ಮೊದಲೇ ನಿರ್ಧರಿಸುವ ಅಭ್ಯಾಸ. ಯಾಂಗ್ ಅವರನ್ನು ಹುಡುಕಿಕೊಂಡು ಬಂದ ಇಬ್ಬರು ದೊಡ್ಡ ನಿರ್ದೇಶಕರೂ ಇದೇ ಜಾತಿಯವರು ಎಂಬುದು ಆಕಸ್ಮಿಕ ಅನ್ನಿಸುವುದಿಲ್ಲ. ಖಚಿತವಾಗಿ ಗೊತ್ತಿರುವವನ ಜೊತೆ ಕೂತು, ಅವನಿಗೂ ಕಾಣದ್ದನ್ನು ಅವನ ಶಾಟ್‌ಗಳಲ್ಲೇ ಕಂಡು ತೋರಿಸಬಲ್ಲವರಿಗೆ ಇಂಥವರ ಬಳಿ ಬೇಡಿಕೆ ಇರುತ್ತದೆ.

2016ರಲ್ಲಿ ಬಂದ 'ಟ್ರೇನ್ ಟು ಬುಸಾನ್' ಕೊರಿಯಾದಲ್ಲಿ ಒಂದು ಕೋಟಿಗೂ ಹೆಚ್ಚು ಟಿಕೆಟ್ ಮಾರಿದ ಚಿತ್ರ. ಸೋಲ್‌ನಿಂದ ಬುಸಾನ್‌ಗೆ ಹೊರಟ ವೇಗದ ರೈಲಿನಲ್ಲಿ ಜನ ಒಬ್ಬೊಬ್ಬರಾಗಿ ಜೊಂಬಿಗಳಾಗುತ್ತಾರೆ. ರೈಲಿನ ಒಳಗೆ ಸಂಕಲನ ಮಾಡುವುದು ಎಷ್ಟು ಕಷ್ಟ ಎಂಬುದನ್ನು ಈ ಚಿತ್ರ ಮತ್ತೆ ನೋಡಿದಾಗ ಗೊತ್ತಾಗುತ್ತದೆ. ಎಲ್ಲ ಬೋಗಿಗಳೂ ಒಂದೇ ಥರ. ಎಡ, ಬಲ ಸ್ವಲ್ಪ ತಪ್ಪಿದರೂ ನಾಯಕ ಮುಂದಕ್ಕೆ ಹೋಗುತ್ತಿದ್ದಾನೋ ಹಿಂದಕ್ಕೋ ತಿಳಿಯದೆ ಪ್ರೇಕ್ಷಕ ಕಂಗೆಡುತ್ತಾನೆ. ಒಂಬತ್ತನೇ ಬೋಗಿಯಲ್ಲಿ ಸಿಕ್ಕಿಕೊಂಡ ಮೂವರು ಗಂಡಸರು ಹದಿಮೂರನೇ ಬೋಗಿಯ ಶೌಚಾಲಯದಲ್ಲಿ ಅಡಗಿರುವ ತಮ್ಮವರನ್ನು ಸೇರಿಕೊಂಡು ಅಲ್ಲಿಂದ ಹದಿನೈದನೇ ಬೋಗಿಗೆ ಹೋಗಬೇಕು. ಮೊದಲ ಬೋಗಿಯಲ್ಲಿ ನೇರ ಹೊಡೆದಾಟ. ರೈಲು ಸುರಂಗ ಹೊಕ್ಕು ಕತ್ತಲಾದಾಗ ಜೊಂಬಿಗಳಿಗೆ ಕಣ್ಣು ಕಾಣುವುದಿಲ್ಲ, ಶಬ್ದ ಮಾತ್ರ ಕೇಳುತ್ತದೆ ಎಂಬ ಗುಟ್ಟು ಗೊತ್ತಾಗುತ್ತದೆ. ಅಲ್ಲಿಂದ ಮುಂದೆ ಮೊಬೈಲ್ ರಿಂಗಣಿಸಿ ಅವುಗಳನ್ನು ಆ ಕಡೆಗೆ ಸೆಳೆಯುವ ಉಪಾಯ, ಸಾಮಾನಿಡುವ ಅಟ್ಟಣಿಗೆಯ ಮೇಲೆ ತೆವಳುವ ಉಪಾಯ. ಪ್ರತಿ ಬೋಗಿಗೂ ಬೇರೆ ಲಯ. ಮೊದಲು ಕಟ್‌ಗಳು ಏಟಿನಷ್ಟೇ ಚುರುಕಾಗಿ ಬೀಳುತ್ತವೆ, ಸುರಂಗದ ಕತ್ತಲಲ್ಲಿ ಅವು ಉಸಿರು ಹಿಡಿದುಕೊಂಡಷ್ಟು ಹೊತ್ತು ನಿಲ್ಲುತ್ತವೆ. ಅದೇ ವರ್ಷ ಯಾಂಗ್ ಸಂಕಲಿಸಿದ ಕಿಮ್ ಜೀ-ವುನ್ ನಿರ್ದೇಶನದ 'ದಿ ಏಜ್ ಆಫ್ ಶ್ಯಾಡೋಸ್'ನಲ್ಲೂ ಒಂದು ದೀರ್ಘ ರೈಲು ಪ್ರಸಂಗವಿದೆ. ಜಪಾನಿ ಆಳ್ವಿಕೆಯ ಕಾಲದ ಪತ್ತೇದಾರರೂ ಕ್ರಾಂತಿಕಾರಿಗಳೂ ಅಲ್ಲಿ ಒಂದೇ ಗಾಡಿಯಲ್ಲಿ ಒಬ್ಬರನ್ನೊಬ್ಬರು ಹುಡುಕುತ್ತಾರೆ. 'ಸ್ನೋಪಿಯರ್ಸರ್' ಕೂಡ ಹೆಚ್ಚುಕಡಿಮೆ ಪೂರ್ತಿ ರೈಲಿನಲ್ಲೇ ನಡೆಯುವ ಕಥೆ. ಇಷ್ಟು ರೈಲುಗಳ ಒಳಗೆ ಕೂತು ಕಲಿತವರಿಗೆ 'ಪ್ಯಾರಸೈಟ್'ನ ಬಂಗಲೆಯೊಳಗೆ ಯಾರು ಯಾವ ಮೆಟ್ಟಿಲಿನಲ್ಲಿದ್ದಾರೆ ಎಂದು ಪ್ರೇಕ್ಷಕರಿಗೆ ಗೊಂದಲವಾಗದಂತೆ ನೋಡಿಕೊಳ್ಳುವುದು ಒಗ್ಗಿ ಹೋಗಿತ್ತು.

ಆದರೆ ಯಾಂಗ್ ಅವರ ಕೆಲಸದ ಹೃದಯ ಇರುವುದು ಅವರೇ ಸಂಕಲಿಸಿದ ಈ ಚಿತ್ರಗಳಿಗೆಲ್ಲ ಮೊದಲಿನ, 2015ರ 'ದಿ ಬ್ಯೂಟಿ ಇನ್‌ಸೈಡ್'ನಲ್ಲಿ ಎಂಬುದು ನನ್ನ ಅಭಿಪ್ರಾಯ. ಜಾಹೀರಾತು ಲೋಕದಿಂದ ಬಂದ ಬೇಕ್ ಜಾಂಗ್-ಯೊಲ್ ನಿರ್ದೇಶಿಸಿದ ಪ್ರೇಮಕಥೆ ಅದು. ನಾಯಕ ಊ-ಜಿನ್ ಪೀಠೋಪಕರಣ ವಿನ್ಯಾಸ ಮಾಡುವವನು. ಪ್ರತಿ ಬೆಳಗ್ಗೆ ಎದ್ದಾಗ ಅವನ ದೇಹ ಬೇರೆಯಾಗಿರುತ್ತದೆ. ಒಂದು ದಿನ ಸುಂದರ ಯುವಕ, ಇನ್ನೊಂದು ದಿನ ಬೊಕ್ಕತಲೆಯವನು, ಮತ್ತೊಂದು ದಿನ ಹೆಂಗಸು, ಮುದುಕ, ಮಗು, ಬೇರೆ ದೇಶದವರು. ಹತ್ತಾರು ನಟನಟಿಯರು ಒಂದೇ ಪಾತ್ರ. ಇದನ್ನು ಒಬ್ಬನೇ ಮನುಷ್ಯ ಎಂದು ಪ್ರೇಕ್ಷಕರಿಗೆ ನಂಬಿಸುವವರು ಯಾರು? ಯಾವ ನಟನಿಗೂ ಅದು ಸಾಧ್ಯವಿಲ್ಲ, ಅವನ ಪಾಲಿಗಿರುವುದು ಕೆಲವು ನಿಮಿಷ. ಆ ಹೊರೆ ಸಂಕಲನದ ಮೇಲೆ ಬೀಳುತ್ತದೆ. ಯಾಂಗ್ ಅದನ್ನು ನಾಯಕಿ ಹಾನ್ ಹ್ಯೊ-ಜೂ ಮುಖದ ಮೇಲೆ ಕಟ್ಟಿದ್ದಾರೆ. ಎದುರಿನ ಮುಖ ಎಷ್ಟು ಸಲ ಬದಲಾದರೂ ಆಕೆಯ ನೋಟ ಮುಂದುವರಿಯುತ್ತದೆ. ಹೊಸಬನನ್ನು ತೋರಿಸಿ, ಆಕೆಯ ಮುಖಕ್ಕೆ ಬಂದು, ಅಲ್ಲಿ ಗುರುತು ಹತ್ತುವವರೆಗೂ ಕಾದು ಮತ್ತೆ ಅವನ ಕಡೆ ತಿರುಗುತ್ತಾರೆ. ಎರಡನೇ ಸಲ ಅವನನ್ನು ನೋಡುವಾಗ ನಾವೂ ಆಕೆಯ ಕಣ್ಣಿನಿಂದಲೇ ನೋಡುತ್ತಿರುತ್ತೇವೆ. ಆ ವರ್ಷದ ಬ್ಲೂ ಡ್ರ್ಯಾಗನ್ ಚಿತ್ರ ಪ್ರಶಸ್ತಿಗಳಲ್ಲಿ ಸಂಕಲನದ ಗೌರವ ಅವರಿಗೆ ಸಿಕ್ಕಿತು. ಕೊರಿಯಾದಲ್ಲಿ ಅದು ಬಹಳ ತೂಕದ ಪ್ರಶಸ್ತಿ.

'ಓಕ್ಜಾ'ದಲ್ಲಿ ಇದೇ ಪಾಠವನ್ನು ಇನ್ನೊಂದು ಬಗೆಯಲ್ಲಿ ಬಳಸಬೇಕಾಯಿತು. ಹಳ್ಳಿಯ ಹುಡುಗಿ ಮೀಜಾ ಮತ್ತು ಅವಳ ಆನೆಯಷ್ಟು ದೊಡ್ಡ ಹಂದಿಯ ಸ್ನೇಹದ ಕಥೆ ಅದು. ಶೂಟಿಂಗ್‌ನಲ್ಲಿ ಹಂದಿ ಇರಲಿಲ್ಲ, ಬಾಲನಟಿ ಆನ್ ಸಿಯೊ-ಹ್ಯೊನ್ ಅಪ್ಪಿಕೊಂಡದ್ದು ಫೋಮ್ ತುಂಡುಗಳನ್ನು. ಆಮೇಲೆ 'ಲೈಫ್ ಆಫ್ ಪೈ'ನ ವಿಷುವಲ್ ಎಫೆಕ್ಟ್ಸ್‌ಗೆ ಆಸ್ಕರ್ ಪಡೆದ ತಂಡದಲ್ಲಿದ್ದ ಎರಿಕ್-ಯಾನ್ ಡಿ ಬೋರ್ ಅದಕ್ಕೆ ಜೀವ ಕೊಟ್ಟರು. ಸಂಕಲನಕಾರ ಮಾತ್ರ ಹಂದಿ ಹುಟ್ಟುವ ಮೊದಲೇ ಅದು ಎಷ್ಟು ಹೊತ್ತು ನೋಡಬೇಕು, ಯಾವಾಗ ತಲೆ ತಿರುಗಿಸಬೇಕು ಎಂದು ಊಹಿಸಿ ಶಾಟ್ ಉದ್ದವನ್ನು ನಿಗದಿ ಮಾಡಬೇಕು. ಹುಡುಗಿಯ ಮುಖವೇ ಅಲ್ಲೂ ಆಧಾರ.

2020ರ ಫೆಬ್ರವರಿ 9ರ ಆಸ್ಕರ್ ರಾತ್ರಿ 'ಪ್ಯಾರಸೈಟ್' ಆರು ನಾಮನಿರ್ದೇಶನಗಳಲ್ಲಿ ನಾಲ್ಕನ್ನು ಗೆದ್ದಿತು. ಕೈತಪ್ಪಿದ ಎರಡರಲ್ಲಿ ಸಂಕಲನವೂ ಒಂದು. ಅದು 'ಫೋರ್ಡ್ ವರ್ಸಸ್ ಫೆರಾರಿ'ಗೆ ಹೋಯಿತು. ಕಾರಿನ ರೇಸಿನಲ್ಲಿ ಸಂಕಲನ ಎದ್ದು ಕಾಣುತ್ತದೆ, ಎಡ ಬಲ ಹೊಲಿದ ಚೌಕಟ್ಟಿನಲ್ಲಿ ಅದು ಕಾಣಬಾರದೆಂದೇ ಮಾಡಿದ್ದು. ಕಸುಬಿನವರು ಮಾತ್ರ ಮತ ಹಾಕುವ ಎಡ್ಡಿಯಲ್ಲಿ ಯಾಂಗ್ ಗೆದ್ದು, ಎಲ್ಲ ವಿಭಾಗದವರೂ ಮತ ಹಾಕುವ ಆಸ್ಕರ್‌ನಲ್ಲಿ ಸೋತದ್ದರ ಹಿಂದೆ ಇದೂ ಇದ್ದೀತು ಎನ್ನುವುದು ನನ್ನ ಊಹೆ.

2025ರಲ್ಲಿ ಬಾಂಗ್ ಅವರ 'ಮಿಕಿ 17' ಬಂತು, ಸಂಕಲನ ಮತ್ತೆ ಯಾಂಗ್ ಅವರದೇ. ಎಡ್ವರ್ಡ್ ಆಶ್ಟನ್ ಕಾದಂಬರಿಯ ಆ ಕಥೆಯಲ್ಲಿ ಸತ್ತಾಗಲೆಲ್ಲ ಯಂತ್ರದಿಂದ ಮರಳಿ ಅಚ್ಚಾಗಿ ಬರುವ ಕೂಲಿಯಾಳು ಮಿಕಿ. ಹದಿನೇಳನೆಯವನು ಸಾಯುವ ಮೊದಲೇ ಹದಿನೆಂಟನೆಯವನು ಹುಟ್ಟಿಬಿಡುತ್ತಾನೆ, ಇಬ್ಬರನ್ನೂ ಮಾಡಿದವರು ರಾಬರ್ಟ್ ಪ್ಯಾಟಿನ್‌ಸನ್. ಅದಕ್ಕೆ ಹತ್ತು ವರ್ಷ ಮೊದಲು ಹತ್ತಾರು ಮುಖಗಳನ್ನು ಒಬ್ಬ ಮನುಷ್ಯನನ್ನಾಗಿ ಮಾಡಿದವರಿಗೆ ಇಲ್ಲಿ ಒಂದು ಮುಖವನ್ನು ಇಬ್ಬರು ಮನುಷ್ಯರನ್ನಾಗಿ ಮಾಡುವ ಕೆಲಸ. ಹದಿನೇಳನೆಯವನು ಪುಕ್ಕಲ, ಹದಿನೆಂಟನೆಯವನು ಸಿಡುಕ. ಇಬ್ಬರೂ ಒಂದೇ ಕೋಣೆಯಲ್ಲಿ ಜಗಳವಾಡುವಾಗ ಒಬ್ಬನ ಮಾತಿಗೆ ಇನ್ನೊಬ್ಬ ಎಷ್ಟು ಬೇಗ ಸಿಡಿದೇಳುತ್ತಾನೆ, ಈಚೆಯವನು ಎಷ್ಟು ಹೊತ್ತು ತಡವರಿಸುತ್ತಾನೆ ಎಂಬುದರಿಂದಲೇ ನಮಗೆ ಇವನು ಯಾರು, ಅವನು ಯಾರು ಎಂದು ಗೊತ್ತಾಗುತ್ತದೆ. ಆ ಎರಡು ಅಭಿನಯಗಳು ಬೇರೆ ಬೇರೆ ಹೊತ್ತಿನಲ್ಲಿ ಚಿತ್ರೀಕರಣಗೊಂಡವು. ನಡುವಿನ ಬಿಡುವು ಹುಟ್ಟಿದ್ದು ಸಂಕಲನದಲ್ಲಿ.